ಕಾಲು ನಿಲ್ಲದವರು

ಜನವರಿ 9

ಪ್ರೀತಿಯ ಅಕ್ಕಾ,

ಈ ಕಾಗದದ ಬೆನ್ನಿಗೇ ಒಂದು ಪೆಟ್ಟಿಗೆ ಬರುತ್ತದೆ. ಭಾರ ಇದೆ, ನೀನೇ ಎತ್ತಲು ಹೋಗಬೇಡ, ಕೆಳಗಿನ ಇಸ್ತ್ರಿ ಅಂಗಡಿಯವರನ್ನು ಕರೆ. ಒಳಗಿರುವುದು ನಿನ್ನ ಹೊಲಿಗೆ ಮಿಷನ್ನಿಗೆ ಜೋಡಿಸುವ ಮೋಟಾರು. ಬೇಡ ಅನ್ನಕೂಡದು. ಹೋದ ಸಲ ಬಂದಾಗ ಕಣ್ಣಾರೆ ನೋಡಿದ್ದೇನೆ: ಅಂಗಡಿ ಮುಚ್ಚಿ, ಊಟ ಮುಗಿಸಿ, ನಾನು ಮಲಗಿದ ಮೇಲೂ ನೀನು ಅಪ್ಪನ ಕಾಲದ ಆ ಮಿಷನ್ನಿನ ಮುಂದೆ ಕೂತು ಪೆಡಲ್ ತುಳಿಯುತ್ತಲೇ ಇದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಐವತ್ತು ದಾಟಿದವಳಿಗೆ ಇದೆಂಥ ದುಡಿತ? ಇನ್ನು ತುದಿಗಾಲಲ್ಲಿ ಮೆಲ್ಲಗೆ ಅದುಮಿದರೆ ಸಾಕು, ಮಿಷನ್ನು ತಾನೇ ಓಡುತ್ತದೆ. ನಿನ್ನ ಕಾಲು ಆರಾಮವಾಗಿ ಸುಮ್ಮನಿರಬಹುದು.

ಇನ್ನೊಂದು ಸುದ್ದಿ. ಕೂತು ಓದು. ಇಪ್ಪತ್ತೆರಡು ವರ್ಷ ನಾಟಕದ ಕಂಪನಿಯಲ್ಲಿ ದಾಸಿ, ನೆರೆಮನೆಯವಳು, ಗುಂಪಿನಲ್ಲಿ ಮೂರನೆಯ ಹೆಂಗಸು ಇಷ್ಟೇ ಆಗಿದ್ದ ನಿನ್ನ ತಂಗಿಗೆ ಈ ಸಲ ಮುಖ್ಯ ಪಾತ್ರ ಕೊಟ್ಟಿದ್ದಾರೆ. ದಾರಿಬದಿಯ ಛತ್ರ ನಡೆಸುವ ಒಬ್ಬ ಹೆಂಗಸು. ಎರಡೂಕಾಲು ಗಂಟೆ ರಂಗದಿಂದ ಇಳಿಯುವಂತಿಲ್ಲ. ಮೊದಲ ಪ್ರದರ್ಶನ ಜೂನ್ ಹದಿನಾಲ್ಕಕ್ಕೆ. ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿ ನಿನ್ನದು ಅಂತ ಈಗಲೇ ಬರೆಸಿಬಿಟ್ಟಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಯಾವಾಗ ಮಾಡಿದರೂ ನಿನ್ನ ಬಾಯಿ ತುಂಬ ಗುಂಡುಸೂಜಿ ಇರುತ್ತದೆ, ಹೂಂ ಹೂಂ ಅನ್ನುವುದು ಬಿಟ್ಟು ಬೇರೇನೂ ಹೊರಡುವುದಿಲ್ಲ. ಬರುತ್ತೇನೆ ಅಂತ ಒಂದು ಸಾಲು ಬರೆ.

ನಿನ್ನ
ಗಿರಗಿಟ್ಲೆ


ಜನವರಿ 20

ಗಿರಗಿಟ್ಲೆ,

ಪೆಟ್ಟಿಗೆ ಬಂತು. ಇಸ್ತ್ರಿಯವರು ಎರಡು ಮಹಡಿ ಹೊತ್ತು ತಂದು, ಒಳಗೇನು ಕಲ್ಲು ತುಂಬಿದ್ದೀರಾ ಅಂತ ಕೇಳಿದರು. ನನ್ನ ತಂಗಿಯ ಪ್ರೀತಿ, ಅದಕ್ಕೇ ಅಷ್ಟು ಭಾರ ಅಂದೆ. ರಿಪೇರಿಯವರು ಬಂದು ಜೋಡಿಸಿಕೊಟ್ಟರು. ಮಿಷನ್ನು ಬೆಣ್ಣೆಯ ಹಾಗೆ ಓಡುತ್ತಿದೆ. ಇಷ್ಟು ಖರ್ಚು ಯಾಕೆ ಮಾಡಲು ಹೋದೆ?

ಮುಖ್ಯ ಪಾತ್ರದ ಸುದ್ದಿ ಓದಿ ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ತೋಳಿನ ಅಳತೆ ಕೊಡಲು ಬಂದವರೂ ಪೂರ್ತಿ ಕಥೆ ಕೇಳಿಕೊಂಡೇ ಹೋಗಬೇಕಾಯಿತು.

ಆದರೆ ಜೂನ್‌ನಲ್ಲಿ ಬರಲಾಗುವುದಿಲ್ಲ ಕಣೇ. ಬ್ಯಾಂಡಿನವರ ಮೂವತ್ತೆರಡು ಕೋಟು ಒಪ್ಪಿಕೊಂಡಿದ್ದೇನೆ. ಅದೂ ಅಲ್ಲದೆ ಒಂಬತ್ತು ಗಂಟೆ ರೈಲಿನಲ್ಲಿ ಕೂರಬೇಕು. ನೀನು ಚೆನ್ನಾಗಿಯೇ ಮಾಡುತ್ತೀಯ, ನಾನು ಬಂದರೂ ಬರದಿದ್ದರೂ. ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡು. ಬೇಸರ ಮಾಡಿಕೊಳ್ಳಬೇಡ.

ನಿನ್ನ ಅಕ್ಕ


ಫೆಬ್ರವರಿ 2

ಅಕ್ಕಾ,

ಜೂನ್‌ನಲ್ಲಿ ಪುರುಸೊತ್ತು ಇರುವುದಿಲ್ಲ ಅಂತ ಜನವರಿಯಲ್ಲೇ ಗೊತ್ತಾಗುವುದು ನಿನ್ನೊಬ್ಬಳಿಗೇ ಇರಬೇಕು.

ಇಷ್ಟು ವರ್ಷ ಕೇಳಬಾರದು ಅಂತ ಇದ್ದೆ, ಈಗ ಕೇಳಿಬಿಡುತ್ತೇನೆ. ನನ್ನ ಮೊದಲ ನಾಟಕಕ್ಕೆ ನೀನು ಬಂದಿದ್ದೆ. ಮೂರನೇ ಸಾಲಿನಲ್ಲಿ ಕೂತಿದ್ದೆ, ನೀಲಿ ಕೋಟು ಹಾಕಿಕೊಂಡು. ಇಡೀ ನಾಟಕದಲ್ಲಿ ನನಗಿದ್ದದ್ದು ಒಂದೇ ಒಂದು ಮಾತು, ಅದೂ ಕೊನೆಯ ಅಂಕದಲ್ಲಿ. ಒಂದು ತಿಂಗಳು ಆ ಒಂದು ಮಾತನ್ನೇ ಕನ್ನಡಿಯ ಮುಂದೆ ಹೇಳಿಕೊಂಡಿದ್ದೆ. ರಂಗದ ಪಕ್ಕದಲ್ಲಿ ನಿಂತು ಸರದಿ ಕಾಯುತ್ತಿದ್ದಾಗ ನೀನು ಎದ್ದೆ. ಸಾಲಿನಲ್ಲಿದ್ದವರ ಮೊಣಕಾಲು ದಾಟಿಕೊಂಡು ಹೊರಟೇ ಹೋದೆ. ನಾನು ನೋಡಿದ್ದು ನಿನ್ನ ಬೆನ್ನನ್ನು. ಆಮೇಲೆ ಬಸ್ಸಿಗೆ ತಡವಾಗುತ್ತಿತ್ತು ಅಂದೆ. ಆ ದಿನ ಕೊನೆಯ ಬಸ್ಸು ಹೊರಡಲು ಇನ್ನೂ ಒಂದು ಗಂಟೆ ಇತ್ತು. ನಾನು ವಿಚಾರಿಸಿದ್ದೆ.

ಅಪ್ಪನೂ ಹಾಗೇ. ಶಾಲೆಯ ಕಾರ್ಯಕ್ರಮಕ್ಕೆ ಬಂದರೆ ಬಾಗಿಲ ಹತ್ತಿರವೇ ನಿಂತಿದ್ದು, ಅರ್ಧಕ್ಕೇ ಮಾಯ. ನಾನು ನಟಿಸುವುದನ್ನು ಕೂತು ನೋಡುವುದು ನಮ್ಮ ಮನೆಯವರಿಗೆ ಅಷ್ಟು ಕಷ್ಟವಾದರೆ ಹಾಗಂತ ನೇರವಾಗಿ ಹೇಳಿಬಿಡು. ಕೋಟಿನ ನೆಪ ಬೇಡ.


ಮಾರ್ಚ್ 6

ನನ್ನ ಗಿರಗಿಟ್ಲೆ,

ತಿಂಗಳ ಮೇಲಾಯಿತು ಉತ್ತರ ಬರೆಯದೆ. ನಾಲ್ಕು ಸಲ ಬರೆದು ಹರಿದುಹಾಕಿದೆ. ಈ ಕಾಗದವನ್ನು ನಿಂತುಕೊಂಡು ಬರೆಯುತ್ತಿದ್ದೇನೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಯಾಕೆ ನಿಂತುಕೊಂಡು ಅನ್ನುವುದೇ ವಿಷಯ.

ನನ್ನ ಕಾಲು ಸುಮ್ಮನಿರುವುದಿಲ್ಲ. ಸಂಜೆಯಾಗಿ ಎಲ್ಲಾದರೂ ಕೂತೆನೋ ಮಲಗಿದೆನೋ, ಮೀನಖಂಡದ ಒಳಗೆ ಏನೋ ಶುರುವಾಗುತ್ತದೆ. ನೋವಲ್ಲ, ಜೋಮೂ ಅಲ್ಲ. ಮೂಳೆಯ ಒಳಗೆ ಇರುವೆ ಸಾಲುಗಟ್ಟಿ ಹೋದ ಹಾಗೆ. ಎದ್ದು ನಡೆದರೆ ಹೋಗುತ್ತದೆ, ಕೂತರೆ ಮತ್ತೆ ಬರುತ್ತದೆ. ನಾನು ರಾತ್ರಿ ಪೆಡಲ್ ತುಳಿಯುವುದು ದುಡಿಯಲಿಕ್ಕಲ್ಲ ಕಣೇ. ತುಳಿಯುತ್ತಿದ್ದರೆ ಕಾಲು ಸಮಾಧಾನವಾಗಿರುತ್ತದೆ. ಎಷ್ಟೋ ಸಲ ಮಿಷನ್ನಿನಲ್ಲಿ ಬಟ್ಟೆಯೇ ಇರುತ್ತಿರಲಿಲ್ಲ. ಈಗ ನಿನ್ನ ಮೋಟಾರಿನ ಸತ್ಯ ಹೇಳುತ್ತೇನೆ. ಎರಡು ದಿನ ಜೋಡಿಸಿ ಕೂತೆ. ಕಾಲಿಗೆ ಕೆಲಸವಿಲ್ಲದೆ ಹುಚ್ಚು ಹಿಡಿಯುವುದೊಂದು ಬಾಕಿ. ಮೂರನೇ ದಿನ ಬಿಚ್ಚಿಸಿಟ್ಟೆ. ಬೆಣ್ಣೆಯ ಹಾಗೆ ಓಡುತ್ತಿದೆ ಅಂತ ಬರೆದಾಗ ಅದು ಮಂಚದ ಕೆಳಗಿತ್ತು.

ಆ ದಿನ ನಾಟಕದಲ್ಲೂ ಇದೇ. ಒಂದು ಗಂಟೆ ಹಲ್ಲು ಕಚ್ಚಿ ಕೂತೆ. ಪಕ್ಕದವರು ನನ್ನ ಕಾಲು ನೋಡಿ ಮುಖ ಕಿವುಚಿದರು. ನಿನ್ನ ಸರದಿ ಬರುವಷ್ಟರಲ್ಲಿ ಹೊರಗೆ ಹತ್ತು ಸುತ್ತು ಹಾಕಿ ಬಂದುಬಿಡೋಣ ಅಂತ ಎದ್ದೆ. ಬಾಗಿಲು ಕಾಯುವವರು ಮತ್ತೆ ಒಳಗೆ ಬಿಡಲಿಲ್ಲ. ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ಮಾತ್ರ ಕೇಳಿಸಿಕೊಂಡೆ. ಕಾಲು ಸುಮ್ಮನಿರಲಿಲ್ಲ ಅಂತ ನಿನಗೆ ಹೇಳಿದರೆ ನಂಬುತ್ತಿದ್ದೆಯಾ? ನನಗೇ ಅದು ಕುಂಟುನೆಪದ ಹಾಗೆ ಕೇಳಿಸುತ್ತಿತ್ತು. ಬಸ್ಸಿನ ಸುಳ್ಳು ಅದಕ್ಕಿಂತ ವಾಸಿ ಅನ್ನಿಸಿತು.

ನಿನ್ನ ಕಾಗದ ಬಂದ ಮೇಲೆ ಊಟ ಸೇರಲಿಲ್ಲ. ಹೋದ ವಾರ ಒಬ್ಬರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು. ಮುಂದಿನ ಬೀದಿಯ ದವಾಖಾನೆಯ ಡಾಕ್ಟರಮ್ಮ. ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನಾನು ನೆಲಕ್ಕೆ ಮೊಣಕಾಲೂರಿ ಅಂಚಿಗೆ ಸೂಜಿ ಚುಚ್ಚುತ್ತಿದ್ದೆ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಮೀನಖಂಡ ತಿಕ್ಕಿಕೊಳ್ಳುತ್ತ. ಅವರು ಮೇಲಿನಿಂದಲೇ ಕೇಳಿದರು, "ಸಂಜೆ ಹೊತ್ತಿಗೆ ಜಾಸ್ತಿ ಆಗುತ್ತಾ? ಓಡಾಡಿದ್ರೆ ಕಡಿಮೆ ಆಗುತ್ತಾ?" ಬಾಯಲ್ಲಿ ಸೂಜಿ ಇದ್ದದ್ದರಿಂದ ಸುಳ್ಳು ಹೇಳಲಾಗಲಿಲ್ಲ. ಹೂಂ ಅಂದೆ.

ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಹೆಚ್ಚು ಕಡಿಮೆ ಸರಿಯಾಗಿಯೇ ಇದೆಯಂತೆ, ಆದರೆ ಮೈಯಲ್ಲಿ ಕೂಡಿಟ್ಟಿರಬೇಕಾದ ಕಬ್ಬಿಣದ ಉಗ್ರಾಣ ಖಾಲಿ. ಅದು ಖಾಲಿಯಾದರೆ ಕೆಲವರಿಗೆ ಹೀಗೆ ಕಾಲು ಚಡಪಡಿಸುತ್ತದೆಯಂತೆ. ಇದಕ್ಕೊಂದು ಹೆಸರೂ ಇದೆ, ರೋಗ ಅಂತ ಪುಸ್ತಕದಲ್ಲೂ ಇದೆ. ಅದನ್ನು ಕೇಳಿ ಅತ್ತುಬಿಟ್ಟೆ. ಬಾಲ್ಯದಿಂದ ಗುಂಡುಸೂಜಿ ಬಾಯಲ್ಲಿಟ್ಟುಕೊಂಡವಳಿಗೆ ಕಬ್ಬಿಣದ ಕೊರತೆಯಾ ಅಂತ ಆಮೇಲೆ ನಗುವೂ ಬಂತು. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ದಿನ ಬಿಟ್ಟು ದಿನ. ಎಲ್ಲರಿಗೂ ಪೂರ್ತಿ ಹೋಗುತ್ತದೆ ಅಂತ ಹೇಳಲಾಗದು, ಬಹಳ ಜನಕ್ಕೆ ಹಗುರವಾಗುತ್ತದೆ, ಎರಡು ಮೂರು ತಿಂಗಳು ಬೇಕು ಅಂದರು.

ಕೊನೆಗೆ ಡಾಕ್ಟರಮ್ಮ ಕೇಳಿದರು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಅಂತ. ಇಲ್ಲ ಅನ್ನಲು ಬಾಯಿ ತೆರೆದೆ. ಆಗ ಅಪ್ಪ ನೆನಪಾದರು.

ಜೂನ್ ಹದಿನಾಲ್ಕಕ್ಕೆ ಬಂದು ಪೂರ್ತಿ ಕೂತು ನೋಡಬೇಕು. ಅದೊಂದೇ ಆಸೆಯಿಂದ ನುಂಗುತ್ತಿದ್ದೇನೆ. ಆ ಕುರ್ಚಿಯನ್ನು ಯಾರಿಗೂ ಕೊಟ್ಟಿಲ್ಲ ತಾನೆ?

ನಿನ್ನ ಅಕ್ಕ


ಮಾರ್ಚ್ 13

ಅಕ್ಕಾ, ನನ್ನಕ್ಕಾ,

ಕುರ್ಚಿ ಯಾರಿಗೂ ಕೊಟ್ಟಿಲ್ಲ. ಕೊಡುವುದೂ ಇಲ್ಲ.

ನಿನ್ನ ಕಾಗದವನ್ನು ತಾಲೀಮಿನ ಮಧ್ಯೆ ಓದಿ ಮುಖದ ಬಣ್ಣವೆಲ್ಲ ಹಾಳಾಯಿತು. ಇಪ್ಪತ್ತೆರಡು ವರ್ಷ ನಿನ್ನ ಬೆನ್ನಿನ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಅದರ ಮೇಲೆ ಮೋಟಾರು ಬೇರೆ ಕಳಿಸಿದೆ. ಕಾಲಾಡಿಸಿದರೆ ಮಾತ್ರ ನೆಮ್ಮದಿ ಅನ್ನುವವಳಿಗೆ, ಇನ್ನು ಕಾಲಾಡಿಸಬೇಡ ಅಂತ. ನಮ್ಮ ಕಂಪನಿಯಲ್ಲಿ ಇದನ್ನು ಹೇಳಿದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಪ್ಪನ ವಿಷಯ ಓದಿ ನಗು ನಿಂತಿತು. ರಾತ್ರಿ ಹೊರಗಿನ ಮೊಗಸಾಲೆಯಲ್ಲಿ ಅವರ ಹೆಜ್ಜೆ ಎಣಿಸುತ್ತ ನಾವಿಬ್ಬರೂ ನಿದ್ದೆ ಹೋಗುತ್ತಿದ್ದೆವಲ್ಲ. ಆ ಕಡೆ ಹನ್ನೆರಡು, ಈ ಕಡೆ ಹನ್ನೆರಡು. "ನಿಮ್ಮಪ್ಪಂಗೆ ಮನೇಲಿ ಕಾಲೇ ನಿಲ್ಲಲ್ಲ" ಅಂತ ಅಮ್ಮ ಬೈಯುತ್ತಿದ್ದರು. ನಮ್ಮ ಜೊತೆ ಇರಲು ಅವರಿಗೆ ಇಷ್ಟವಿಲ್ಲ ಅಂತಲೇ ನಾನು ತಿಳಿದಿದ್ದೆ. ಶಾಲೆಯ ಬಾಗಿಲಲ್ಲಿ ನಿಂತು ಅರ್ಧ ನಾಟಕ ನೋಡಿದ್ದು ಅವರಿಗೆ ಎಷ್ಟು ಕಷ್ಟವಾಗಿತ್ತೋ. ಅವರು ಹೋಗಿ ಹದಿನೈದು ವರ್ಷವಾಯಿತು, ಈಗ ಯಾರ ಹತ್ತಿರ ಕ್ಷಮೆ ಕೇಳಲಿ?

ನೀನು ಮಾತ್ರೆ ತಪ್ಪಿಸಬೇಡ. ಅವರ ಪಾಲಿನದೂ ನೀನೇ ವಾಸಿಯಾಗಬೇಕು.

ಗಿರಗಿಟ್ಲೆ


ಏಪ್ರಿಲ್ 18

ಗಿರಗಿಟ್ಲೆ,

ಆರು ವಾರವಾಯಿತು. ಒಂದು ಮಾತ್ರೆಯೂ ತಪ್ಪಿಸಿಲ್ಲ. ಹೊಟ್ಟೆ ಕಲ್ಲಾಗಿದೆ, ಬಾಯಲ್ಲಿ ಹಳೆಯ ಬೀಗದ ರುಚಿ. ಕಾಲು ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ನಿನ್ನೆ ಪರೀಕ್ಷೆಗೆಂದು ಗಡಿಯಾರ ಮುಂದಿಟ್ಟುಕೊಂಡು ಸಂಜೆ ಕುರ್ಚಿಯಲ್ಲಿ ಕೂತೆ. ಹದಿನೆಂಟು ನಿಮಿಷ. ಅಷ್ಟೇ ನನ್ನ ಕೈಲಾದದ್ದು.

ಎರಡೂಕಾಲು ಗಂಟೆ ಎಲ್ಲಿಂದ ತರಲಿ? ಕುರ್ಚಿಯನ್ನು ಬೇರೆಯವರಿಗೆ ಕೊಟ್ಟುಬಿಡು. ಇದು ನೆಪವಲ್ಲ ಅಂತ ಈಗ ನಿನಗೆ ಗೊತ್ತಿದೆ. ಮುಂದಿನ ಸಾಲಿನಿಂದ ಎದ್ದು ಇನ್ನೊಂದು ಸಲ ನಿನಗೆ ಬೆನ್ನು ತೋರಿಸುವ ಧೈರ್ಯ ನನಗಿಲ್ಲ.

ಅಕ್ಕ


ಏಪ್ರಿಲ್ 24

ಅಕ್ಕಾ,

ಒಂದೇ ಪ್ರಶ್ನೆ. ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀಯ? ನಿಜ ಹೇಳು.

ಯಾಕೆ ಕೇಳುತ್ತಿದ್ದೇನೆಂದರೆ, ನಮ್ಮಲ್ಲಿ ಪರದೆಯ ಹಿಂದಿನಿಂದ ಮಾತು ನೆನಪಿಸಿಕೊಡುವ ಒಬ್ಬಾಕೆ ಇದ್ದಾಳೆ. ಬಸುರಿಯಾಗಿದ್ದಾಗ ಅವಳಿಗೂ ಕಬ್ಬಿಣದ ಮಾತ್ರೆ ಕೊಟ್ಟಿದ್ದರಂತೆ. ಚಹಾ ಜೊತೆ ನುಂಗಿದರೆ ಮೈಗೆ ಹತ್ತುವುದೇ ಇಲ್ಲವಂತೆ, ಅರ್ಧಕ್ಕರ್ಧ ಹಾಗೇ ಹೊರಗೆ ಹೋಗುತ್ತದಂತೆ. ಅವಳು ಚಹಾ ಅಂದದ್ದೇ ತಡ, ನನ್ನ ಕಣ್ಣ ಮುಂದೆ ನಿನ್ನ ಮಿಷನ್ನು ಬಂದು ನಿಂತಿತು. ಅದರ ಬಲಗಡೆ, ದಾರದ ಉಂಡೆಗಳ ಪಕ್ಕ, ಮುಚ್ಚಳದ ಆ ದೊಡ್ಡ ಲೋಟ. ಬೆಳಗ್ಗೆ ತುಂಬಿದರೆ ರಾತ್ರಿಯವರೆಗೆ ಖಾಲಿಯಾಗಲು ಬಿಡದ ಲೋಟ. ಅದರಲ್ಲಿ ನೀರಿದ್ದದ್ದನ್ನು ನಾನಂತೂ ಈ ಜನ್ಮದಲ್ಲಿ ಕಂಡಿಲ್ಲ.

ಡಾಕ್ಟರಮ್ಮ ಹೇಳಿಯೇ ಇರುತ್ತಾರೆ. ನೀನು ಕೇಳಿಸಿಕೊಂಡಿರುವುದಿಲ್ಲ.

ಗಿರಗಿಟ್ಲೆ


ಮೇ 2

ನನ್ನ ಪತ್ತೇದಾರಿ,

ಸಿಕ್ಕಿಬಿದ್ದೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಅಂದಿದ್ದರು. ಖಾಲಿ ಹೊಟ್ಟೆ ಅಂದರೆ ನನಗೆ ಬೆಳಗಿನ ಮೊದಲ ಚಹಾ. ಏಳು ವಾರ ಪಟ್ಟು ಹಿಡಿದು ಚಹಾದಲ್ಲೇ ನುಂಗಿದ್ದೇನೆ.

ನಿನ್ನ ಕಾಗದ ಹಿಡಿದುಕೊಂಡು ದವಾಖಾನೆಗೆ ಓಡಿದೆ. ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ನಿಂಬೆಹಣ್ಣಿನ ನೀರಿನಲ್ಲಿ ತೆಗೆದುಕೊಳ್ಳಿ, ಮುಂದೆ ಹಿಂದೆ ಎರಡು ಗಂಟೆ ಚಹಾ ಬೇಡ, ಹಾಲೂ ಬೇಡ ಅಂತ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದೆನಲ್ಲ, ಆ ಚೀಟಿ ಎಲ್ಲಿ ಅಂದರು. ನನ್ನ ಅಭ್ಯಾಸ ನಿನಗೆ ಗೊತ್ತು, ಯಾರ ಚೀಟಿ ಬಂದರೂ ಓದುವ ಮುಂಚೆ ಅವರವರ ಬಟ್ಟೆಗೆ ಚುಚ್ಚಿಡುತ್ತೇನೆ. ಡಾಕ್ಟರಮ್ಮನ ಚೀಟಿಯನ್ನು ಡಾಕ್ಟರಮ್ಮನ ಪ್ಯಾಂಟಿಗೇ ಚುಚ್ಚಿ, ಇಸ್ತ್ರಿ ಮಾಡಿಸಿ, ಅವರ ಮನೆಗೇ ಕಳಿಸಿದ್ದೆ. ಅವರು ಹೊಲಿಗೆಯ ರಸೀದಿ ಅಂದುಕೊಂಡು ಬಿಡಿಸದೆ ಕಪಾಟಿನಲ್ಲಿ ಇಟ್ಟಿದ್ದರಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಮತ್ತೆ ರಕ್ತ ನೋಡಿದರು. ಉಗ್ರಾಣ ಹೆಚ್ಚೇನೂ ತುಂಬಿಲ್ಲ. ಹೊಟ್ಟೆಗೂ ಮಾತ್ರೆ ಒಗ್ಗುತ್ತಿಲ್ಲವಾದ್ದರಿಂದ ನರಕ್ಕೇ ಕಬ್ಬಿಣ ಹಾಕೋಣ ಅಂದರು. ನಿನ್ನೆ ಹಾಕಿದರು. ಕಡು ಕಂದು ಬಣ್ಣ, ಥೇಟ್ ನನ್ನ ಚಹಾ. ಅದನ್ನು ಬಿಡು ಅಂದವರೇ ಅದೇ ಬಣ್ಣದ್ದನ್ನು ಬಾಟಲಿಯಲ್ಲಿ ತೂಗುಹಾಕಿದರು. ನರ್ಸಮ್ಮ ಪಕ್ಕದಲ್ಲೇ ಇದ್ದು ನಾಡಿ ನೋಡುತ್ತ, ಕಾಲಾಡಿಸಬೇಕು ಅನ್ನಿಸಿದರೆ ಆಡಿಸಿ, ಕೈ ಮಾತ್ರ ಬೇಡ ಅಂದಳು. ಹೊದಿಕೆಯ ಕೆಳಗೆ ಇಡೀ ಹೊತ್ತು ಪೆಡಲ್ ತುಳಿದೆ.

ಮನೆಗೆ ಬಂದು, ಬಿದ್ದ ಸೂಜಿ ಎತ್ತುವ ಆಯಸ್ಕಾಂತವನ್ನು ಮೊಣಕಾಲಿಗೆ ಹಿಡಿದು ನೋಡಿದೆ. ಅಂಟಲಿಲ್ಲ. ಗೊತ್ತಾಗಲು ನಾಲ್ಕರಿಂದ ಆರು ವಾರ ಬೇಕಂತೆ. ನಿನ್ನ ನಾಟಕಕ್ಕೆ ಇನ್ನು ಆರು ವಾರ ಇದೆ. ದಿನ ಎಣಿಸುತ್ತಿದ್ದೇನೆ.

ಅಕ್ಕ


ಜೂನ್ 3

ಗಿರಗಿಟ್ಲೆ,

ರಾತ್ರಿ ಮಲಗಿದ್ದು ಗೊತ್ತು, ಬೆಳಗ್ಗೆ ಇಸ್ತ್ರಿಯವರು ಬಾಗಿಲು ಬಡಿದದ್ದು ಗೊತ್ತು. ನಡುವೆ ಏನಾಯಿತೋ ಗೊತ್ತಿಲ್ಲ. ಈ ವಾರ ಇದು ಮೂರನೇ ಸಲ.

ಪೂರ್ತಿ ಹೋಗಿದೆ ಅಂತ ಹೇಳುವ ಧೈರ್ಯ ಇಲ್ಲ. ಮೊನ್ನೆ ಸಂಜೆ ಸ್ವಲ್ಪ ಬಂದಿತ್ತು. ಆದರೂ ಟಿಕೆಟ್ ತೆಗೆದಿದ್ದೇನೆ. ಬ್ಯಾಂಡಿನವರ ಕೋಟು ಮುಗಿದಿದೆ, ಇನ್ನು ಗುಂಡಿಗೆ ಕಾಜ ಹಾಕುವುದಷ್ಟೇ. ಒಂದು ಮಾತು ಕೊಡು: ನಾನು ನಡುವೆ ಎದ್ದರೆ ರಂಗದ ಮೇಲೆ ನಿನ್ನ ಮಾತು ತಪ್ಪಬಾರದು.

ಅಕ್ಕ


ಜೂನ್ 7

ಅಕ್ಕಾ,

ಮಾತು ಕೊಟ್ಟೆ. ಅಷ್ಟೇ ಅಲ್ಲ, ಮುಂದಿನ ಸಾಲಿನ ಕುರ್ಚಿ ರದ್ದು ಮಾಡಿಸಿದೆ. ನಿನಗೆ ಕಟ್ಟಕಡೆಯ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕದ ಕುರ್ಚಿ. ಅದರ ಹಿಂದೆ ಗೋಡೆಯವರೆಗೆ ಹದಿನೈದು ಹೆಜ್ಜೆಯಷ್ಟು ಜಾಗವಿದೆ. ನಮ್ಮ ಹಳೆಯ ನಾಟಕದ ಅರಮನೆಯಲ್ಲಿದ್ದ ಕೆಂಪು ಜಮಖಾನೆಯನ್ನು ಅಲ್ಲಿ ಹಾಸಿಸಿದ್ದೇನೆ. ಎಷ್ಟು ನಡೆದರೂ ಸದ್ದಾಗುವುದಿಲ್ಲ. ಬಾಗಿಲು ಕಾಯುವವರಿಗೂ ಹೇಳಿಟ್ಟಿದ್ದೇನೆ, ಈ ಸಲ ಯಾರೂ ನಿನ್ನನ್ನು ಹೊರಗೆ ನಿಲ್ಲಿಸುವುದಿಲ್ಲ.

ಕೂತು ನೋಡು, ನಿಂತು ನೋಡು, ನಡೆಯುತ್ತ ನೋಡು. ಒಳಗಿರು, ಸಾಕು.

ಗಿರಗಿಟ್ಲೆ


ಜೂನ್ 18

ಅಕ್ಕಾ,

ನಿನ್ನನ್ನು ರೈಲು ಹತ್ತಿಸಿ ಬಂದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಇದ್ದ ಎರಡು ದಿನ ನಾನು ಬೇಕೆಂದೇ ಕೇಳದ ಒಂದು ವಿಷಯವನ್ನು ಈಗ ಬರೆಯುತ್ತೇನೆ. ನಿನಗೆ ಮುಜುಗರವಾಗಬಾರದು ಅಂತ ಆಗ ಬಾಯಿ ಬಿಡಲಿಲ್ಲ.

ಎರಡನೇ ಅಂಕದಲ್ಲಿ ಹಿಂದಿನ ಗೋಡೆಯ ಹತ್ತಿರ ನೀನು ಎದ್ದು ನಡೆಯತೊಡಗಿದ್ದು ನನಗೆ ಕಾಣಿಸಿತು. ದೀಪ ಕಣ್ಣಿಗೆ ಹೊಡೆಯುತ್ತದೆ, ಮುಖ ಕಾಣದು, ನೆರಳು ಮಾತ್ರ. ಆ ಕಡೆ, ಈ ಕಡೆ. ಅಪ್ಪನ ಹಾಗೇ. ಆದರೂ ಕೊಟ್ಟ ಮಾತಿನಂತೆ ಒಂದು ಅಕ್ಷರವೂ ತಪ್ಪಲಿಲ್ಲ. ಅಲ್ಲಿಂದ ಮುಂದೆ ಪೂರ್ತಿ ನಾಟಕವನ್ನು ಆ ನೆರಳಿಗೇ ಆಡಿದೆ. ಇಷ್ಟು ಚೆನ್ನಾಗಿ ನೀನು ಎಂದೂ ಮಾಡಿರಲಿಲ್ಲ ಅಂತ ಎಲ್ಲರೂ ಹೇಳಿದರು. ಕಬ್ಬಿಣ ಪೂರ್ತಿ ಕೆಲಸ ಮಾಡಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ನೀನು ಹೊರಗೆ ಹೋಗದೆ ಒಳಗೇ ಇದ್ದೆಯಲ್ಲ, ನನಗೆ ಅಷ್ಟು ಸಾಕು. ಆ ರಾತ್ರಿ ನಿನ್ನ ಕಾಲು ಒತ್ತುವಾಗ ಇದನ್ನೇ ಹೇಳಬೇಕು ಅಂತಿದ್ದೆ.

ನಿನ್ನ ಗಿರಗಿಟ್ಲೆ


ಜೂನ್ 25

ನನ್ನ ಪೆದ್ದು ಗಿರಗಿಟ್ಲೆ,

ನಿನ್ನ ಕಾಗದ ಓದಿ ಬಾಯಲ್ಲಿದ್ದ ಸೂಜಿಗಳೆಲ್ಲ ನೆಲಕ್ಕೆ ಬಿದ್ದವು. ಜಮಖಾನೆಯ ಮೇಲೆ ನಡೆದವಳು ನಾನಲ್ಲ ಕಣೇ.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ವಯಸ್ಸಾದವರು ಕೂತಿದ್ದರು. ಮೊದಲ ಅಂಕದಲ್ಲೇ ಅವರ ಕಾಲು ನೋಡಿ ನನಗೆ ಗೊತ್ತಾಗಿಹೋಯಿತು. ಕಾಲ ಮೇಲೆ ಕಾಲು ಹಾಕುವುದು, ತೆಗೆಯುವುದು, ತೊಡೆ ತಿಕ್ಕುವುದು. ಎದ್ದು ಬಾಗಿಲ ಕಡೆ ಹೊರಟರು. ನಾನು ಅವರ ಕೋಟಿನ ತುದಿ ಹಿಡಿದು, "ಹೊರಗೆ ಹೋಗ್ಬೇಡಿ, ಮತ್ತೆ ಒಳಗೆ ಬಿಡಲ್ಲ. ಹಿಂದೆ ಜಮಖಾನೆ ಇದೆ, ಅಲ್ಲಿ ನಡೀರಿ" ಅಂದೆ. ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ನಾಟಕ ಮುಗಿಯುವವರೆಗೆ ಅಲ್ಲೇ ನಡೆದರು. ಬಾಗಿಲ ಹತ್ತಿರ ಸಿಕ್ಕಾಗ, ಮೊದಲು ರಕ್ತದಲ್ಲಿ ಕಬ್ಬಿಣ ಎಷ್ಟಿದೆ ಅಂತ ನೋಡಿಸಿ, ನೋಡಿಸದೆ ಏನನ್ನೂ ನುಂಗಬೇಡಿ, ಚಹಾ ಜೊತೆಯಂತೂ ಬೇಡವೇ ಬೇಡ ಅಂತ ಉಪದೇಶ ಮಾಡಿದೆ. ಮೂವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ ಅಂತ ಕಣ್ಣೊರೆಸಿಕೊಂಡರು. ನೀನು ಜೀವ ಸುರಿದು ನಟಿಸಿದ್ದು ಅವರಿಗೆ. ವ್ಯರ್ಥವಾಗಲಿಲ್ಲ ಬಿಡು. ಆ ಜಮಖಾನೆ ಹಾಸದೆ ಇದ್ದಿದ್ದರೆ ಅವರೂ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ಕೇಳಬೇಕಾಗಿತ್ತು.

ನಾನು ಕೂತೇ ಇದ್ದೆ. ಎರಡೂಕಾಲು ಗಂಟೆ. ಒಂದೆರಡು ಸಲ ಬೆರಳು ಮಡಿಸಿದ್ದು ಬಿಟ್ಟರೆ ಕಾಲು ನನ್ನ ಮಾತು ಕೇಳಿತು. ಆ ರಾತ್ರಿ ಇದನ್ನು ಹೇಳಿ ಬೀಗಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀನು, ಏನೂ ಹೇಳಬೇಡ ಅಕ್ಕಾ, ಸುಸ್ತಾಗಿರುತ್ತೆ ಅಂತ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನೀನು ನನ್ನ ಕಾಲು ಒತ್ತಿದ್ದು ಅದೇ ಮೊದಲು. ನಿಲ್ಲಿಸಲು ಮನಸ್ಸಾಗಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಇದೊಂದು ಸುಳ್ಳನ್ನು ಕ್ಷಮಿಸು.

ಮೋಟಾರನ್ನು ಮಂಚದ ಕೆಳಗಿನಿಂದ ತೆಗೆಸಿ ಜೋಡಿಸಿದ್ದೇನೆ. ನಿಜವಾಗಿಯೂ ಬೆಣ್ಣೆಯ ಹಾಗೆ ಓಡುತ್ತದೆ.

ಒಂದು ಬಾಕಿ ಉಳಿದಿದೆ. ಇಪ್ಪತ್ತೆರಡು ವರ್ಷದ ಹಿಂದೆ, ಕೊನೆಯ ಅಂಕದಲ್ಲಿ, ನಿನಗೆ ಇದ್ದದ್ದು ಒಂದೇ ಮಾತು ಅಂದೆಯಲ್ಲ. ಆ ಮಾತು ಯಾವುದು? ಬರೆದು ಕಳಿಸು. ಕೂತು ಓದುತ್ತೇನೆ.

ನಿನ್ನ ಅಕ್ಕ